ಹೊಳೆಗೊಂದು ಹೆಸರು

ಛಾಯಾಚಿತ್ರ ಹುಟ್ಟಿದ್ದು ಇದ್ದುದನ್ನು ಇದ್ದಂತೆ ತೋರಿಸುವುದಕ್ಕೆ. 1839ರಲ್ಲಿ ಫ್ರಾನ್ಸಿನ ದಾಗೇರನೂ ಇಂಗ್ಲೆಂಡಿನ ಟಾಲ್ಬಟನೂ ತಮ್ಮ ತಮ್ಮ ವಿಧಾನಗಳನ್ನು ಲೋಕದ ಮುಂದಿಟ್ಟಾಗ ಜನ ಬೆರಗಾದದ್ದು ಆ ಚಿತ್ರಗಳ ವಿವರಸಮೃದ್ಧಿಯನ್ನು ಕಂಡು. ಕುಂಚ ಹಿಡಿದವನ ಕಣ್ಣಿಗೆ ಬೀಳದೆ ಹೋಗುತ್ತಿದ್ದ ಗೋಡೆಯ ಬಿರುಕು, ಮಾಡಿನ ಒಂದೊಂದು ಹೆಂಚು, ಬೀದಿಯ ಕಲ್ಲುಹಾಸು, ಎಲ್ಲವೂ ಅಲ್ಲಿ ತಮ್ಮಷ್ಟಕ್ಕೆ ತಾವೇ ಬಂದು ಕುಳಿತಿದ್ದುವು. ಆದರೆ ಐವತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಕ್ಯಾಮೆರಾ ಹಿಡಿದವರ ನಡುವಿನಿಂದ ಒಂದು ಗುಂಪು ಎದ್ದು, ‘ಇಷ್ಟೊಂದು ವಿವರ ನಮಗೆ ಬೇಡ’ ಎಂದು ಸಾರಿತು. ಕಣ್ಣಿಗೆ ಕಂಡದ್ದಕ್ಕಿಂತ ಮನಸ್ಸಿಗೆ ಆದದ್ದು ಮುಖ್ಯವೆಂದಿತು. ದೂರದ ಮರ ಮಬ್ಬಾಗಲಿ, ನೀರಿನ ಅಂಚು ಕರಗಲಿ, ನೋಡುವವನ ಎದೆಯಲ್ಲಿ ಒಂದು ಭಾವ ಉಳಿದರೆ ಸಾಕು ಎಂದಿತು. ಈ ಗುಂಪನ್ನು ಛಾಯಾಗ್ರಹಣದ ಚರಿತ್ರೆಯಲ್ಲಿ ಪಿಕ್ಟೋರಿಯಲ್ ಪಂಥವೆಂದು ಕರೆಯುತ್ತಾರೆ.

ಈ ಪಂಥದ ಭೂದೃಶ್ಯಗಳಲ್ಲಿ ಭಾವ ಹೇಗೆ ಮೂಡಿತು, ಸಂಕೇತ ಹೇಗೆ ಕೂಡಿತು, ಆ ಕಣ್ಣು ನಮ್ಮ ಕಪಿಲೆ ಕಾವೇರಿಯರ ದಂಡೆಯ ಮೇಲೆ ಬಿದ್ದರೆ ಏನನ್ನು ಗಳಿಸುತ್ತದೆ, ಏನನ್ನು ಕಳೆಯುತ್ತದೆ, ಇಷ್ಟನ್ನು ಈ ಹೊತ್ತು ವಿಚಾರ ಮಾಡೋಣ.

ದಂಡೆ ಎಂದೆನಲ್ಲ, ಅದು ಯಾವುದು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೈಸೂರಿನಿಂದ ಊಟಿಯ ದಾರಿ ಹಿಡಿದು ದಕ್ಷಿಣಕ್ಕೆ ಹೋದರೆ ಕಪಿಲೆಯ ತಟದಲ್ಲಿ ನಂಜನಗೂಡು ಸಿಗುತ್ತದೆ. ನಂಜುಂಡನ ಊರು, ಶ್ರೀಕಂಠೇಶ್ವರನ ಊರು. ಹೊಳೆಯ ಮೇಲೆ ದಳವಾಯಿ ದೇವರಾಜಯ್ಯನ ಕಾಲದಲ್ಲಿ, 1735ರಲ್ಲಿ, ಕಟ್ಟಿದ ಕಲ್ಲಿನ ಕಮಾನುಗಳ ಸೇತುವೆಯುಂಟು. 1891ರಲ್ಲಿ ರೈಲು ಬಂದಾಗ ಅದೂ ಈ ಸೇತುವೆಯನ್ನೇ ಹಿಡಿದು ಹೊಳೆ ದಾಟಿತು. ಗಾಡಿಯೂ ರೈಲೂ ಒಂದೇ ಸೇತುವೆಯ ಮೇಲೆ ಅಕ್ಕಪಕ್ಕದಲ್ಲಿ ಸಾಗುತ್ತಿದ್ದ ಅಪೂರ್ವ ದೃಶ್ಯವನ್ನು ನೋಡಿದವರು ಇನ್ನೂ ಅನೇಕರಿದ್ದಾರೆ. ಅಲ್ಲಿಂದ ಹೊಳೆಯ ಜೊತೆಯಲ್ಲಿಯೇ ಪೂರ್ವಕ್ಕೆ ಇಳಿದರೆ ಕಪಿಲೆ ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರ. ಒಂದು ದಂಡೆಯಲ್ಲಿ ಅಗಸ್ತ್ಯೇಶ್ವರ, ಇನ್ನೊಂದು ದಂಡೆಯಲ್ಲಿ ಗುಂಜಾ ನರಸಿಂಹ. ಕೈಯಲ್ಲಿ ಗುಲಗಂಜಿ ಹಿಡಿದಿರುವ ಆ ದೇವರ ಸನ್ನಿಧಿ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೆಂದು ಊರಿನವರು ಹೇಳುತ್ತಾರೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವನ್ನು ಮೂರನೆಯ ತೀರ್ಥವಾಗಿ ಸೇರಿಸಿಕೊಂಡು ಇದನ್ನು ತ್ರಿವೇಣಿ ಸಂಗಮವೆನ್ನುತ್ತಾರೆ. ಕೂಡಿದ ನೀರು ಮತ್ತೂ ಮುಂದೆ ಹರಿದರೆ ಅದೇ ತಾಲ್ಲೂಕಿನ ತಲಕಾಡು, ಮರಳಿನ ಊರು. ಸೋಮನಾಥಪುರವೂ ಈ ತಾಲ್ಲೂಕಿನದೇ.

ಮಾಗಿಯ ಬೆಳಗಿನಲ್ಲಿ ಈ ಹೊಳೆದಂಡೆಗೆ ಹೋದವರಿಗೆ ನಾನು ಹೆಚ್ಚು ವರ್ಣಿಸಬೇಕಾಗಿಲ್ಲ. ನೀರಿನ ಮೇಲೆ ಹಬೆಯಂತೆ ಏಳುವ ಕಾವಳ ಆಚೆಯ ದಡವನ್ನು ನುಂಗಿರುತ್ತದೆ. ತೆಂಗಿನ ತೋಟ ಒಂದು ಬೂದಿಬಣ್ಣದ ಗೆರೆಯಾಗಿರುತ್ತದೆ. ಮೆಟ್ಟಿಲ ಮೇಲೆ ಮುಳುಗು ಹಾಕಿ ಎದ್ದವರು ಮುಖವಿಲ್ಲದ ಆಕೃತಿಗಳಾಗಿ ನಿಂತಿರುತ್ತಾರೆ. ಗೋಪುರದ ಕಳಸ ಮೊದಲು ಕಾಣಿಸಿಕೊಂಡು ಅದರ ಬುಡ ಆಮೇಲೆ ಕಾಣಿಸುತ್ತದೆ. ಪಿಕ್ಟೋರಿಯಲ್ ಪಂಥದ ಛಾಯಾಗ್ರಾಹಕ ಕತ್ತಲಕೋಣೆಯಲ್ಲಿ ಪಡಿಪಾಟಲುಪಟ್ಟು ಏನನ್ನು ಸಾಧಿಸುತ್ತಿದ್ದನೋ ಅದನ್ನು ಇಲ್ಲಿ ಹೊಳೆಯೇ ದಿನವೂ ಸಾಧಿಸಿ ತೋರಿಸುತ್ತದೆ. ಆದ್ದರಿಂದಲೇ ಆ ಪಂಥದ ಗುಣದೋಷಗಳನ್ನು ಒರೆಗೆ ಹಚ್ಚಿ ನೋಡಲು ಈ ಸ್ಥಳ ತಕ್ಕದ್ದೆಂದು ನಾನು ಭಾವಿಸಿದ್ದೇನೆ.

ನಮ್ಮ ದೇಶಕ್ಕೆ ಕ್ಯಾಮೆರಾ ಬಂದದ್ದು ಬಹು ಬೇಗ. ಮುಂಬಯಿಯಲ್ಲಿ 1854ರಲ್ಲಿಯೂ ಕಲಕತ್ತೆ ಮದರಾಸುಗಳಲ್ಲಿ 1856ರಲ್ಲಿಯೂ ಛಾಯಾಗ್ರಾಹಕರ ಸಂಘಗಳು ಹುಟ್ಟಿದುವು. ಮದರಾಸು ಸೈನ್ಯದ ಅಧಿಕಾರಿ ಲಿನ್ನೇಯಸ್ ಟ್ರೈಪ್ ಎಂಬಾತ 1854ರ ಡಿಸೆಂಬರಿನಲ್ಲಿ ಹಳೇಬೀಡು ಬೇಲೂರುಗಳ ಗುಡಿಗಳನ್ನು ಕಾಗದದ ನೆಗೆಟಿವಿನ ಮೇಲೆ ಹಿಡಿದು, ಮರುವರ್ಷ ಮದರಾಸಿನ ಪ್ರದರ್ಶನದಲ್ಲಿ ಇಟ್ಟನು. ಇವೆಲ್ಲ ದಾಖಲೆಯ ಕೆಲಸ. ಕಲ್ಲು ಹೇಗಿದೆ, ಕಂಬ ಎಷ್ಟಿವೆ, ಶಾಸನ ಎಲ್ಲಿದೆ ಎಂಬುದನ್ನು ಸರ್ಕಾರಕ್ಕೂ ವಿದ್ವಾಂಸರಿಗೂ ತಿಳಿಸುವ ಕೆಲಸ. ಭಾವಕ್ಕೆ ಅಲ್ಲಿ ಎಡೆ ಕಡಿಮೆ. ಬಂದರೂ ಅದು ಹೇಳದೆ ಕೇಳದೆ ಬಂದ ಅತಿಥಿ.

ಭಾವವನ್ನು ಕರೆದು ಮಣೆ ಹಾಕಿದವರು ಇಂಗ್ಲೆಂಡಿನವರು. ಹೆನ್ರಿ ಪೀಚ್ ರಾಬಿನ್‌ಸನ್ ಎಂಬವನು 1869ರಲ್ಲಿ ಒಂದು ಪುಸ್ತಕ ಬರೆದು, ಚಿತ್ರಕಲೆಯ ಸಂಯೋಜನೆಯ ನಿಯಮಗಳನ್ನು ಛಾಯಾಗ್ರಾಹಕನೂ ಪಾಲಿಸಬೇಕೆಂದು ವಾದಿಸಿದನು. ಆತ ಹಲವು ನೆಗೆಟಿವುಗಳನ್ನು ಕೂಡಿಸಿ ಒಂದು ಚಿತ್ರ ಮಾಡುತ್ತಿದ್ದನು. ಒಂದರಿಂದ ಆಕಾಶ, ಇನ್ನೊಂದರಿಂದ ಹೊಲ, ಮತ್ತೊಂದರಿಂದ ಹೊಲದಲ್ಲಿ ನಿಂತ ಹೆಣ್ಣು. ಈ ಜೋಡಣೆಯನ್ನು ಕಂಡು ಕೆರಳಿದವನು ಪೀಟರ್ ಹೆನ್ರಿ ಎಮರ್ಸನ್. ವೃತ್ತಿಗಾಗಿ ವೈದ್ಯ ಕಲಿತಿದ್ದ ಈತ 1886ರಲ್ಲಿ ಇಂಗ್ಲೆಂಡಿನ ಪೂರ್ವಭಾಗದ ನಾರ್ಫೋಕ್ ಜೌಗುನಾಡಿನ ಬದುಕನ್ನು 40 ಪ್ಲಾಟಿನಂ ಚಿತ್ರಗಳ ಒಂದು ಹೊತ್ತಗೆಯಾಗಿ ಹೊರತಂದನು. ಆಪು ಕೊಯ್ಯುವವರು, ಮೀನಿನ ಬಲೆ ಒಡ್ಡುವವರು, ನೈದಿಲೆ ಕೀಳುವವರು, ಕೆಲಸ ಮುಗಿಸಿ ಜೌಗಿನಿಂದ ಮನೆಗೆ ಮರಳುವವರು, ಇವರೆಲ್ಲ ಅಲ್ಲಿದ್ದಾರೆ. 1889ರಲ್ಲಿ ಬರೆದ ಪುಸ್ತಕದಲ್ಲಿ ಅವನು ತನ್ನ ತತ್ತ್ವವನ್ನು ಹೇಳಿದನು: ಮನುಷ್ಯನ ಕಣ್ಣು ಒಂದು ಹೊತ್ತಿಗೆ ಒಂದನ್ನು ಮಾತ್ರ ಸ್ಪಷ್ಟವಾಗಿ ನೋಡುತ್ತದೆ, ಸುತ್ತಲಿನದು ಸ್ವಲ್ಪ ಮಸುಕಾಗಿಯೇ ಇರುತ್ತದೆ, ಆದ್ದರಿಂದ ಚಿತ್ರವೂ ಹಾಗೆಯೇ ಇರಬೇಕು. ವಿಚಿತ್ರವೆಂದರೆ, ಎರಡು ವರ್ಷ ಕಳೆಯುವುದರೊಳಗಾಗಿ, 1891ರ ಆರಂಭದಲ್ಲಿ, ಅವನೇ ಕಪ್ಪು ಅಂಚಿನ ಒಂದು ಸಾವಿನ ಓಲೆಯಂಥ ಕಿರುಹೊತ್ತಗೆ ಅಚ್ಚು ಹಾಕಿಸಿ, ಛಾಯಾಗ್ರಹಣ ಕಲೆಯಲ್ಲವೆಂದು ತನ್ನ ತತ್ತ್ವಕ್ಕೆ ತಾನೇ ತಿಲಾಂಜಲಿ ಕೊಟ್ಟನು.

ಆದರೆ ಹೊತ್ತಿಸಿದವನು ಹಿಂದೆ ಸರಿದರೂ ದೀಪ ಉರಿಯಿತು. 1890ರಲ್ಲಿ ಜಾರ್ಜ್ ಡೇವಿಸನ್ ಮಸೂರವೇ ಇಲ್ಲದ, ಸೂಜಿಮೊನೆಯಷ್ಟು ತೂತಿನ ಕ್ಯಾಮೆರಾದಿಂದ ಒಂದು ಈರುಳ್ಳಿ ಹೊಲವನ್ನೂ ಅದರಾಚೆಯ ಮನೆಯನ್ನೂ ಹಿಡಿದನು. ಇಡೀ ಚಿತ್ರದಲ್ಲಿ ಒಂದು ಗೆರೆಯೂ ಚೂಪಾಗಿಲ್ಲ. 1892ರಲ್ಲಿ ಲಂಡನ್ನಿನಲ್ಲಿ ಲಿಂಕ್ಡ್ ರಿಂಗ್ ಎಂಬ ಬಳಗ, 1902ರಲ್ಲಿ ನ್ಯೂಯಾರ್ಕಿನಲ್ಲಿ ಆಲ್ಫ್ರೆಡ್ ಸ್ಟಿಗ್ಲಿಟ್ಸ್‌ನ ನಾಯಕತ್ವದ ಫೋಟೋ ಸಿಸೆಷನ್ ಎಂಬ ಬಳಗ ಹುಟ್ಟಿದುವು. 1903ರಿಂದ 1917ರವರೆಗೆ ಸ್ಟಿಗ್ಲಿಟ್ಸ್ ನಡೆಸಿದ ‘ಕ್ಯಾಮೆರಾ ವರ್ಕ್’ ಪತ್ರಿಕೆ ಈ ಪಂಥದ ದೇಗುಲವಾಯಿತು. ಎಡ್ವರ್ಡ್ ಸ್ಟೈಕನ್ 1904ರಲ್ಲಿ ತೆಗೆದ ಬೆಳದಿಂಗಳ ಕೊಳದ ಚಿತ್ರವನ್ನು ಈ ಪಂಥದ ಶಿಖರವೆನ್ನುವವರುಂಟು. ಮರಗಳ ಕಪ್ಪು ಸಾಲು, ಅವುಗಳ ಸಂದಿಯಲ್ಲಿ ಏಳುತ್ತಿರುವ ಚಂದ್ರ, ಕೆಳಗೆ ಕದಲದ ನೀರು, ನೀರಿನಲ್ಲಿ ಮತ್ತೆ ಅದೇ ಬೆಳಕು, ಇಷ್ಟೇ ಅದರಲ್ಲಿರುವುದು. 2006ರಲ್ಲಿ ಅದರ ಒಂದು ಪ್ರತಿ ನ್ಯೂಯಾರ್ಕಿನ ಹರಾಜಿನಲ್ಲಿ 29 ಲಕ್ಷ ಡಾಲರಿಗೂ ಮೀರಿ ಮಾರಾಟವಾಯಿತು.

ಇನ್ನು ಈ ಭಾವ ಯಾವ ಸಾಧನಗಳಿಂದ ಮೂಡುತ್ತಿತ್ತು ಎಂಬುದನ್ನು ನೋಡಬೇಕು. ಅದರಲ್ಲಿ ಅರ್ಧ ಛಾಯಾಗ್ರಾಹಕನ ಕೌಶಲ, ಅರ್ಧ ಆ ಕಾಲದ ಗಾಜಿನ ಫಲಕದ ಸ್ವಭಾವ. ಅಂದಿನ ಫಲಕಕ್ಕೆ ನೀಲಿಯೆಂದರೆ ಅತಿ ಮೋಹ, ಕೆಂಪೆಂದರೆ ಕುರುಡು. ಗಾಳಿಯಲ್ಲಿರುವ ತೇವವೂ ಧೂಳೂ ಚದುರಿಸುವ ಬೆಳಕಿನಲ್ಲಿ ನೀಲಿಯ ಪಾಲು ಹೆಚ್ಚು. ಹಾಗಾಗಿ ನಮ್ಮ ಕಣ್ಣಿಗೆ ತೆಳುವಾಗಿ ಕಾಣುವ ಕಾವಳ ಆ ಫಲಕದ ಮೇಲೆ ದಟ್ಟವಾಗಿ ಕೂರುತ್ತಿತ್ತು. ನಂಜನಗೂಡಿನ ಮೆಟ್ಟಿಲ ಮೇಲೆ ನಿಂತು ಬೆಳಗಿನ ಹೊಳೆಯನ್ನು ಅಂಥ ಫಲಕದಲ್ಲಿ ಹಿಡಿದರೆ, ನೋಡುವವನಿಗೆ ಚೆನ್ನಾಗಿಯೇ ಕಾಣುತ್ತಿರುವ ಆಚೆಯ ತೋಟ ಚಿತ್ರದಲ್ಲಿ ನೆರಳಿನ ನೆನಪಿನಂತೆ ಉಳಿಯುತ್ತದೆ. ಆಕಾಶದ ನೀಲಿ ಬರಿಯ ಬಿಳುಪಾಗಿ, ಮೋಡಗಳು ಮಾಯವಾಗುತ್ತವೆ. ಮೋಡ ಬೇಕಾದವನು ಬೇರೊಂದು ದಿನ ಬೇರೊಂದು ಊರಿನಲ್ಲಿ ತೆಗೆದ ಮೋಡವನ್ನು ಅಲ್ಲಿ ಅಚ್ಚೊತ್ತುತ್ತಿದ್ದನು. ಅಂದರೆ, ಕಪಿಲೆಯ ಮೇಲೆ ಯಾವುದೋ ಕಡಲಿನ ಮುಗಿಲು!

ಮುದ್ರಣದಲ್ಲಿಯೂ ಅಷ್ಟೇ. ಪ್ಲಾಟಿನಂ ಕಾಗದ ಬೂದಿಬಣ್ಣದ ಅಸಂಖ್ಯ ಛಾಯೆಗಳನ್ನು ಕೊಡುತ್ತಿತ್ತು. ಅರೇಬಿಕ್ ಗೋಂದಿಗೆ ಬಣ್ಣದ ಪುಡಿಯನ್ನೂ ಬೈಕ್ರೋಮೇಟ್ ಲವಣವನ್ನೂ ಕಲಸಿ ಕಾಗದಕ್ಕೆ ಬಳಿದರೆ, ಬೆಳಕು ತಾಗಿದ ಕಡೆ ಗೋಂದು ಗಟ್ಟಿಯಾಗುತ್ತಿತ್ತು. ಉಳಿದುದನ್ನು ನೀರಿನಲ್ಲಿ ಕುಂಚದಿಂದ ತೊಳೆದು ತೆಗೆಯಬಹುದಿತ್ತು. ಫ್ರಾನ್ಸಿನ ರಾಬರ್ಟ್ ದಮಾಶಿ ಇದರಲ್ಲಿ ಪಳಗಿದ ಕೈ. ಬೇಡದ ಮರವನ್ನು ತೊಳೆದುಬಿಡುವುದು, ಬೇಕಾದ ಬೆಳಕನ್ನು ಉಜ್ಜಿ ತರುವುದು ಹೀಗೆ ಸಾಧ್ಯವಾಯಿತು. ಕ್ಯಾಮೆರಾ ಕೊಟ್ಟ ಸಾಕ್ಷಿಯನ್ನು ಕೈ ತಿದ್ದತೊಡಗಿತು.

ತಿದ್ದಿದ್ದು ಏತಕ್ಕೆ? ಸಂಕೇತಕ್ಕಾಗಿ. ಯೂರೋಪಿನ ಕಾವ್ಯದಲ್ಲಿಯೂ ಚಿತ್ರಕಲೆಯಲ್ಲಿಯೂ ಸಂಕೇತವಾದ ತುಂಬಿ ಹರಿಯುತ್ತಿದ್ದ ಕಾಲವದು. ವಸ್ತುವನ್ನು ಹೆಸರಿಸದೆ ಸೂಚಿಸಬೇಕು ಎಂಬುದು ಅಂದಿನ ರುಚಿ. ಒಂಟಿ ಮರವೆಂದರೆ ಏಕಾಂತ, ಕದಲದ ನೀರೆಂದರೆ ಅಂತರಂಗ, ದಾರಿಯ ತಿರುವೆಂದರೆ ಆಯುಸ್ಸು, ದಡ ಬಿಟ್ಟ ದೋಣಿಯೆಂದರೆ ಮರಣ. ಭೂದೃಶ್ಯ ಭೂಮಿಯ ಚಿತ್ರವಾಗಿ ಉಳಿಯದೆ ಮನಸ್ಸಿನ ಚಿತ್ರವಾಯಿತು.

ನಮ್ಮ ಅಲಂಕಾರಶಾಸ್ತ್ರ ಬಲ್ಲ ಸಹೃದಯರಿಗೆ ಇದು ಅಪರಿಚಿತವೇನೂ ಅಲ್ಲ. ನದೀತೀರ, ಬೆಳದಿಂಗಳು, ತಂಗಾಳಿ ಇವನ್ನು ನಮ್ಮವರು ಉದ್ದೀಪನ ವಿಭಾವವೆಂದರು. ಭಾವವನ್ನು ಕೆರಳಿಸಿ ಬೆಳೆಸುವಂಥವು ಇವು. ಆದರೆ ಆ ಭಾವ ನೆಲೆಗೊಳ್ಳಲು ಆಲಂಬನ ಬೇಕು, ಅಂದರೆ ಒಬ್ಬ ರಾಮ, ಒಬ್ಬಳು ಸೀತೆ, ಒಬ್ಬಳು ಶಕುಂತಲೆ ಬೇಕು. ಬೆಳದಿಂಗಳೊಂದೇ ರಸವಾಗದು, ಬೆಳದಿಂಗಳಲ್ಲಿ ಯಾರು ಯಾರನ್ನು ನೆನೆದರು ಎಂಬುದು ತಿಳಿದಾಗ ರಸ. ಪಿಕ್ಟೋರಿಯಲ್ ಪಂಥ ಮಾಡಿದ ಸಾಹಸವೆಂದರೆ ಉದ್ದೀಪನವನ್ನೇ ಆಲಂಬನದ ಪೀಠದಲ್ಲಿ ಕೂರಿಸಿದ್ದು. ನಾಯಕನಿಲ್ಲ, ಕಥೆಯಿಲ್ಲ, ಕೊಳವಿದೆ, ಚಂದ್ರನಿದ್ದಾನೆ, ಇವುಗಳಿಂದಲೇ ನೀನು ತುಂಬಿಕೋ ಎಂದಿತು. ಈ ಸಾಹಸ ಗೆದ್ದ ಕಡೆ ಬಹಳ ದೊಡ್ಡದಾಗಿ ಗೆದ್ದಿದೆ ಎಂಬುದನ್ನು ಒಪ್ಪಲೇಬೇಕು. ಸೋತ ಕಡೆ ಏಕೆ ಸೋತಿತು ಎಂಬುದು ನನ್ನ ಮುಂದಿನ ಮಾತು.

ಈ ಶೈಲಿ ಅದರ ತವರಿನಲ್ಲಿ ಹಳತಾದ ಮೇಲೆಯೂ ನಮ್ಮಲ್ಲಿ ಬಹುಕಾಲ ಬಾಳಿತು. ಕ್ಯಾಮೆರಾ ಕ್ಲಬ್ಬುಗಳೂ ಸಲೋನ್ ಎನ್ನಿಸಿಕೊಂಡ ಸ್ಪರ್ಧಾಪ್ರದರ್ಶನಗಳೂ ಅದನ್ನು ಸಾಕಿದುವು. ಬೆಂಗಳೂರು ಇದರ ಒಂದು ಮುಖ್ಯ ನೆಲೆ. ಅಲ್ಲಿ ಮೈಸೂರು ಫೋಟೋಗ್ರಾಫಿಕ್ ಸೊಸೈಟಿ ಇತ್ತು. ಭಾರತೀಯ ಛಾಯಾಗ್ರಹಣದ ಚರಿತ್ರೆಯನ್ನು ಬರೆದ ಡಾ. ಜಿ. ಥಾಮಸ್ ಅವರು ದೇಶದ ಕ್ಲಬ್ಬುಗಳನ್ನೆಲ್ಲ ಒಂದು ಸೂರಿನಡಿ ತರಲು ದುಡಿದುದರ ಫಲವಾಗಿ 1953ರಲ್ಲಿ ಭಾರತೀಯ ಛಾಯಾಗ್ರಹಣ ಒಕ್ಕೂಟ ಹುಟ್ಟಿತು. ಇಂಥವರ ಉತ್ಸಾಹದಿಂದ ನಮ್ಮ ನಾಡಿನ ಎಷ್ಟೋ ಹವ್ಯಾಸಿಗಳು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಬೆಳಗಿನ ಜಾವಕ್ಕೆ ಹೊಳೆದಂಡೆ ಸೇರಿದರು. ಎತ್ತಿನಗಾಡಿ ಎಬ್ಬಿಸಿದ ಧೂಳಿನಲ್ಲಿ ಓರೆಯಾಗಿ ಇಳಿವ ಬಿಸಿಲು, ಹರಿಗೋಲಿನಲ್ಲಿ ನಿಂತ ಅಂಬಿಗ, ಆಲದ ಬಿಳಲುಗಳ ನಡುವೆ ಕುರಿಮಂದೆ, ಇವೆಲ್ಲ ಪರದೇಶದ ಸಲೋನುಗಳಿಗೆ ಹೋಗಿ ಪದಕ ತಂದುವು. ಆ ಚಿತ್ರಗಳ ಕುಸುರಿಯನ್ನು ನಾನು ಹಗುರವಾಗಿ ಕಾಣುವವನಲ್ಲ. ಬೆಳಕನ್ನು ಕಾಯುವ ತಾಳ್ಮೆಯನ್ನು ನಮ್ಮ ಜನಕ್ಕೆ ಕಲಿಸಿದವರೇ ಅವರು.

ಆದರೆ ಆ ಚಿತ್ರಗಳ ಕೆಳಗೆ ಏನು ಬರೆದಿರುತ್ತಿತ್ತು? ‘ಸಂಜೆ’, ‘ಶಾಂತಿ’, ‘ಮನೆಯ ಕಡೆಗೆ’, ‘ಜೀವನಯಾತ್ರೆ’ ಎಂಬ ಬಗೆಯ ಒಂದು ಮಾತು, ಅದೂ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಊರಿನ ಹೆಸರು ಇರುತ್ತಿದ್ದುದು ಅಪರೂಪ. ಸ್ಟೈಕನ್ನನ ಚಿತ್ರದ ಹೆಸರಿನಲ್ಲಿಯೂ ಇರುವುದು ಬರಿಯ ಕೊಳ, ಬೆಳದಿಂಗಳು. ಅದು ನ್ಯೂಯಾರ್ಕ್ ಪ್ರಾಂತದ ಮಮರೊನೆಕ್ ಎಂಬ ಊರಿನ ಕೊಳವೆಂಬುದನ್ನು ಚಿತ್ರ ಹೇಳುವುದಿಲ್ಲ, ಚರಿತ್ರಕಾರರು ಹೇಳಬೇಕು. ಹೆಸರು ಹೇಳಿದರೆ ವಿಶ್ವವ್ಯಾಪಕತೆ ಕೆಡುತ್ತದೆ ಎಂಬುದು ಈ ಪಂಥದ ನಂಬಿಕೆ. ಯಾವುದೋ ಒಂದು ಹೊಳೆಯಾದರೆ ಎಲ್ಲರ ಹೊಳೆಯಾಗುತ್ತದೆ. ಕಪಿಲೆಯೆಂದರೆ ನಂಜನಗೂಡಿನವರದು ಮಾತ್ರವಾಗುತ್ತದೆ ಎಂಬ ಅಳುಕು.

ಮೈಸೂರಿನ ಒಂದು ಹಳೆಯ ಮನೆಯಲ್ಲಿ ಇಂಥದೊಂದು ಚಿತ್ರವನ್ನು ನಾನು ನೋಡಿದ್ದೇನೆ. ನಡುಮನೆಯ ಗೋಡೆಯ ಮೇಲೆ, ಹಿರಿಯರ ಪಟಗಳ ಪಕ್ಕದಲ್ಲಿ, ಕಂದುಬಣ್ಣಕ್ಕೆ ತಿರುಗಿದ ಒಂದು ದೊಡ್ಡ ಪ್ರತಿ. ನೀರಿಗಿಳಿಯುವ ಮೆಟ್ಟಿಲು, ಒಂದು ಹರಿಗೋಲು, ಕೊಡ ಹೊತ್ತ ಹೆಂಗಸು, ಹಿಂದೆಲ್ಲ ಮಬ್ಬು. ಕೆಳಗೆ ಪೆನ್ಸಿಲಿನಲ್ಲಿ ಇಂಗ್ಲಿಷಿನ ಒಂದೇ ಪದ, ‘ಸಾಯಂಕಾಲ’ವೆಂಬ ಅರ್ಥದ್ದು. ತೆಗೆದವರು ಆ ಮನೆಯ ಯಜಮಾನರ ಸೋದರಮಾವ. ತೀರಿಕೊಂಡು ಬಹಳ ಕಾಲವಾಗಿತ್ತು. ಇದು ನಂಜನಗೂಡಿನ ಸ್ನಾನಘಟ್ಟವೆಂದರು ಯಜಮಾನರು. ‘ಅಲ್ಲ ಕಣೋ, ನಮ್ಮ ತಿರುಮಕೂಡಲೇ ಸರಿ, ನಂಜನಗೂಡಾಗಿದ್ದರೆ ಸೇತುವೆ ಕಾಣಬೇಡವೆ?’ ಎಂದರು ಅವರ ಅಕ್ಕ. ‘ಸೇತುವೆ ಮಂಜಿನ ಹಿಂದಿದೆ’ ಎಂದರು ತಮ್ಮ. ‘ಹಾಗಾದರೆ ಗೋಪುರ?’ ಎಂದರು ಅಕ್ಕ. ‘ಅದೂ ಮಂಜಿನ ಹಿಂದೆ’ ಎಂದು ತಮ್ಮ ನಕ್ಕರು. ಆ ಹೆಂಗಸು ಯಾರು, ಮನೆಯವಳೇ, ಊರವಳೇ ಎಂದು ಕೇಳಿದೆ. ಇಬ್ಬರಿಗೂ ಗೊತ್ತಿರಲಿಲ್ಲ. ಆಕೆಯ ಮುಖವನ್ನೂ ಕಾವಳ ತೆಗೆದುಕೊಂಡಿತ್ತು. ಚಿತ್ರ ಮನೋಹರವಾಗಿತ್ತು, ಅದನ್ನು ಎಷ್ಟು ಹೊತ್ತು ನೋಡಿದರೂ ಬೇಸರವಾಗದು. ಆದರೆ ಒಂದು ಸಂಜೆ ಉಳಿದು, ಒಂದು ಊರೂ ಒಬ್ಬ ಹೆಣ್ಣೂ ಅಲ್ಲಿ ಕಾಣೆಯಾಗಿದ್ದರು.

ಇದಕ್ಕೆ ತೀರ ಎದುರಾದ ಇನ್ನೊಂದು ಕಣ್ಣು ಅದೇ ಸೀಮೆಯಲ್ಲಿ, ಬಹುಪಾಲು ಅದೇ ಕಾಲದಲ್ಲಿ, ಕೆಲಸ ಮಾಡುತ್ತಿತ್ತು. ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಪ್ರಾಕ್ತನವಿಮರ್ಶವಿಚಕ್ಷಣ ಆರ್. ನರಸಿಂಹಾಚಾರ್ಯರು 1917ರಲ್ಲಿ ಸೋಮನಾಥಪುರದ ಕೇಶವ ದೇವಾಲಯವನ್ನು ಕುರಿತು ಒಂದು ಸಚಿತ್ರ ಗ್ರಂಥ ಹೊರತಂದರು. ಅಲ್ಲಿನ ಛಾಯಾಚಿತ್ರಗಳಲ್ಲಿ ಮಂಜಿಲ್ಲ, ಕನಸಿಲ್ಲ. ಕಲ್ಲಿನ ಪ್ರತಿಯೊಂದು ಮಣಿಯೂ ಎಣಿಕೆಗೆ ಸಿಗುತ್ತದೆ. ಆ ಕಲ್ಲಿನಲ್ಲಿ ಇನ್ನೊಂದು ಸ್ವಾರಸ್ಯವಿದೆ. 1268ರ ಆ ಗುಡಿಯ ವಿಗ್ರಹಗಳ ಅಡಿಯಲ್ಲಿ ಶಿಲ್ಪಿಗಳು ತಮ್ಮ ಹೆಸರನ್ನು ಕೆತ್ತಿಕೊಂಡಿದ್ದಾರೆ. ಮಲ್ಲಿತಮ್ಮ ಎಂಬವನ ಹೆಸರು ಮತ್ತೆ ಮತ್ತೆ ಬರುತ್ತದೆ. ಮಸಣಿತಮ್ಮ, ಚೌಡೆಯ, ಬಾಲೆಯ ಎಂಬವರೂ ಇದ್ದಾರೆ. ದೇವರ ಕಾಲ ಕೆಳಗೆ ತನ್ನ ಹೆಸರನ್ನು ಬರೆದ ಮಾತ್ರಕ್ಕೆ ಮಲ್ಲಿತಮ್ಮನ ಕೇಶವ ಸಣ್ಣವನಾಗಲಿಲ್ಲ. 2023ರಲ್ಲಿ ಯುನೆಸ್ಕೋ ಬೇಲೂರು ಹಳೇಬೀಡುಗಳೊಡನೆ ಆ ಗುಡಿಯನ್ನೂ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಹೆಸರು ಹೇಳಿದರೆ ವಿಶ್ವವ್ಯಾಪಕತೆ ಕೆಡುತ್ತದೆ ಎಂಬ ಅಳುಕಿಗೆ ಸೋಮನಾಥಪುರವೇ ಸಾಕಷ್ಟು ಉತ್ತರ.

ಹಾಗೆಂದು ಇಲಾಖೆಯ ಕಣ್ಣೊಂದೇ ಸಾಕೆಂದು ನಾನು ಹೇಳಲಾರೆ. ಅಳತೆಯ ಚಿತ್ರದಲ್ಲಿ ಗುಡಿಯಿದೆ, ಗುಡಿಯ ಮುಂದೆ ನಿಂತವನಿಗೆ ಆದ ಅನುಭವವಿಲ್ಲ. ಆ ಕೊರತೆಯನ್ನು ನೀಗಲೆಂದೇ ಪಿಕ್ಟೋರಿಯಲ್ ಪಂಥ ಹುಟ್ಟಿತು. ಅದರ ಹಸಿವು ನ್ಯಾಯವಾದದ್ದು. ಈ ಎರಡು ಕಣ್ಣುಗಳನ್ನೂ ಪರೀಕ್ಷಿಸುವ ಸ್ಥಳವೆಂದರೆ ತಲಕಾಡು.

ತಲಕಾಡಿನ ಮರಳನ್ನು ಊಹಿಸಿಕೊಳ್ಳಿ. ಅಲೆ ಅಲೆಯಾಗಿ ಬಿದ್ದಿರುವ ದಿಬ್ಬಗಳು, ಅವುಗಳ ಮೇಲೆ ಗಾಳಿ ಬರೆದ ಗೆರೆಗಳು, ದಿಬ್ಬದ ಹೊಟ್ಟೆಯೊಳಗೆ ಗುಡಿಗಳು. ಗಂಗರ ರಾಜಧಾನಿಯಾಗಿದ್ದ ಊರು. ಚೋಳರಿಂದ ಅದನ್ನು ಗೆದ್ದ ವಿಷ್ಣುವರ್ಧನ ತಲಕಾಡುಗೊಂಡನೆಂದು ಬಿರುದು ಧರಿಸಿ 1117ರಲ್ಲಿ ಕೀರ್ತಿನಾರಾಯಣನನ್ನು ನಿಲ್ಲಿಸಿದ ಊರು. ಇದರ ಒಂದು ಮರಳದಿಬ್ಬವನ್ನು ಮಬ್ಬುಬೆಳಕಿನಲ್ಲಿ ಹಿಡಿದು ‘ಅನಂತ’ ಎಂದು ಹೆಸರಿಟ್ಟರೆ ಅದು ರಾಜಸ್ಥಾನವೂ ಆಗಬಹುದು, ಸಹಾರವೂ ಆಗಬಹುದು. ನೋಡಿದವನು ‘ಆಹಾ’ ಎಂದು ಮುಂದಿನ ಚಿತ್ರಕ್ಕೆ ಹೋಗುತ್ತಾನೆ. ಅದೇ ಚಿತ್ರದ ಕೆಳಗೆ ‘ತಲಕಾಡು’ ಎಂದು ಬರೆಯಿರಿ. ಕನ್ನಡ ಬಲ್ಲ ಯಾವನಿಗೂ ಮೈ ಜುಮ್ಮೆನ್ನದೆ ಇರದು. ಅಲಮೇಲಮ್ಮ ನೆನಪಾಗುತ್ತಾಳೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಕಾಲ, ಒಡವೆಗಾಗಿ ಅಟ್ಟಿಬಂದವರು, ಮಾಲಂಗಿಯ ಮಡುವಿಗೆ ಹಾರಿದ ಹೆಣ್ಣು, ಅವಳು ನುಡಿದಳೆಂದು ಜನ ನಾನ್ನೂರು ವರ್ಷದಿಂದ ಹೇಳುತ್ತ ಬಂದ ಶಾಪ, ಎಲ್ಲವೂ ಆ ಒಂದು ಹೆಸರಿನಲ್ಲಿ ಮಡಗಿದೆ. ಉದ್ದೀಪನಕ್ಕೆ ಆಲಂಬನ ದೊರೆಯಿತು. ಮರಳು ಸಂಕೇತವಾದದ್ದು ಮಸೂರದ ಮಹಿಮೆಯಿಂದಲ್ಲ, ಆ ಹೆಸರಿನ ಮಹಿಮೆಯಿಂದ.

ಅಷ್ಟೇ ಅಲ್ಲ, ಹೆಸರು ಸಿಕ್ಕಿದ ಮೇಲೆ ಸಂಕೇತವನ್ನು ಪ್ರಶ್ನಿಸುವುದಕ್ಕೂ ದಾರಿಯಾಗುತ್ತದೆ. ಮಾಧವಮಂತ್ರಿಯ ಅಣೆಕಟ್ಟೆಯಿಂದ ಹೊಳೆಯ ಹರಿವು ಬದಲಾಗಿ, ಬಯಲಾದ ಪಾತ್ರದ ಮರಳನ್ನು ಗಾಳಿ ಊರ ಮೇಲೆ ಸುರಿಯಿತೆಂದು ಕೆ. ಎನ್. ಗಣೇಶಯ್ಯನವರಂಥ ವಿಜ್ಞಾನಿಗಳು ವಾದಿಸಿದ್ದಾರೆ. 1990ರ ದಶಕದ ಆರಂಭದ ಉತ್ಖನನಗಳು ಮರಳಿನ ಕೆಳಗಿನ ಬದುಕನ್ನು ಪದರ ಪದರವಾಗಿ ತೋರಿಸಿವೆ. ಶಾಪವನ್ನು ನಂಬುವವನೂ ಅಣೆಕಟ್ಟೆಯನ್ನು ನಂಬುವವನೂ ಒಂದೇ ಚಿತ್ರದ ಮುಂದೆ ನಿಂತು ವಾದಿಸಬಹುದು. ‘ಅನಂತ’ದ ಮುಂದೆ ನಿಂತು ವಾದಿಸುವುದಕ್ಕೆ ಏನಿದೆ?

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಅದೇ ಸ್ಟಿಗ್ಲಿಟ್ಸ್ 1922ರಿಂದ ಹಲವು ವರ್ಷ ಬರಿಯ ಮೋಡಗಳ ಚಿತ್ರಗಳನ್ನು ತೆಗೆದನು. ನೆಲವನ್ನೇ ಬಿಟ್ಟುಬಿಟ್ಟನು, ಎಷ್ಟೋ ಚಿತ್ರಗಳಲ್ಲಿ ಮೇಲಾವುದು ಕೆಳಗಾವುದು ಎಂದೂ ತಿಳಿಯದು. ತನ್ನ ಅಂತರಂಗದ ಅನುಭವಕ್ಕೆ ಅವು ಸಮಾನರೂಪಗಳೆಂದನು. ಅವುಗಳಲ್ಲಿ ಊರಿಲ್ಲ, ಹೆಸರಿಲ್ಲ. ಅವು ಮಹತ್ತಾದ ಕೃತಿಗಳಲ್ಲವೆ? ನಿಜ, ಮಹತ್ತಾದವೇ. ಸ್ಟಿಗ್ಲಿಟ್ಸ್‌ನ ಯೋಗ್ಯತೆಯನ್ನು ಮೊದಲು ಗುರುತಿಸಿದವರಲ್ಲಿ ನಮ್ಮವರೇ ಎನ್ನಬಹುದಾದ ಆನಂದ ಕುಮಾರಸ್ವಾಮಿ ಒಬ್ಬರು. ಬಾಸ್ಟನ್ನಿನ ಕಲಾಸಂಗ್ರಹಾಲಯದಲ್ಲಿದ್ದ ಅವರು ಸ್ಟಿಗ್ಲಿಟ್ಸ್‌ನ 27 ಛಾಯಾಚಿತ್ರಗಳನ್ನು 1924ರಲ್ಲಿ ಆ ಸಂಗ್ರಹಾಲಯಕ್ಕೆ ದೊರಕಿಸಿದರು. ರಸತತ್ತ್ವವನ್ನು ಪಶ್ಚಿಮಕ್ಕೆ ತಿಳಿಸಿ ಹೇಳಿದ ವಿದ್ವಾಂಸರು ಕ್ಯಾಮೆರಾದ ಕೃತಿಗಳಿಗೆ ಕಲಾಮಂದಿರದ ಬಾಗಿಲು ತೆರೆಸಿದ್ದು ಅರ್ಥಪೂರ್ಣವಾದ ಸಂಗತಿ. ಆದರೆ ಸ್ಟಿಗ್ಲಿಟ್ಸ್ ಜಾಣ. ಹೆಸರಿಲ್ಲದ ಭಾವವನ್ನು ಹುಡುಕಿದಾಗ ಅವನು ಆಕಾಶಕ್ಕೆ ಹೋದನು. ಮೋಡಕ್ಕೆ ಊರಿಲ್ಲ, ಮೋಡದಲ್ಲಿ ಯಾರೂ ನೀರು ಹೊರುವುದಿಲ್ಲ. ಹೊಳೆಯ ದಂಡೆಗೆ ಆ ಸ್ವಾತಂತ್ರ್ಯವಿಲ್ಲ. ಅಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದಾರೆ, ಯಾರೋ ತರ್ಪಣ ಬಿಡುತ್ತಿದ್ದಾರೆ, ಯಾರೋ ಎತ್ತಿನ ಮೈ ತಿಕ್ಕುತ್ತಿದ್ದಾರೆ. ಅವರನ್ನು ಬರಿಯ ಕಪ್ಪು ಆಕೃತಿಗಳಾಗಿ ಮಾಡಿ ‘ಶಾಂತಿ’ ಎಂದರೆ, ಶಾಂತಿ ನೋಡುವವನದಾಗುತ್ತದೆ, ದುಡಿಮೆ ಮಾತ್ರ ಅವರದಾಗಿಯೇ ಉಳಿಯುತ್ತದೆ. ಎಮರ್ಸನ್ ಈ ವಿಷಯದಲ್ಲಿ ಎಚ್ಚರವಾಗಿದ್ದನು. ಅವನ ಚಿತ್ರದಲ್ಲಿಯೂ ಮಂಜಿದೆ; ಆದರೆ ಹೊತ್ತಗೆಯ ಮೇಲೆಯೇ ನಾರ್ಫೋಕ್ ಎಂದಿದೆ, ಬಲೆ ಒಡ್ಡುವ ಕೈ ಬಲೆ ಒಡ್ಡುತ್ತಲೇ ಇದೆ. ನಮ್ಮವರಲ್ಲಿ ಮೈಸೂರಿನ ಟಿ. ಎಸ್. ಸತ್ಯನ್ (1923-2009) ಈ ಪಂಥಕ್ಕೆ ಸೇರಿದವರಲ್ಲ, ಪತ್ರಿಕಾ ಛಾಯಾಗ್ರಾಹಕರು. ಆದರೂ ಸಾಮಾನ್ಯ ಜನರ ಮುಖವನ್ನು ಮುಖವಾಗಿಯೇ ಉಳಿಸಿಕೊಂಡು ಭಾವವನ್ನು ತರಬಹುದೆಂದು ಅವರು ಜೀವಮಾನವೆಲ್ಲ ತೋರಿಸಿಕೊಟ್ಟರು.

ಇದು ಕೇವಲ ಸೌಂದರ್ಯಶಾಸ್ತ್ರದ ಚರ್ಚೆಯಲ್ಲ ಎಂಬುದಕ್ಕೆ ಇನ್ನೊಂದು ಕಾರಣವಿದೆ. ಆ ಹೊಳೆ ಈಗ ಆ ಹೊಳೆಯಾಗಿ ಉಳಿದಿಲ್ಲ. ಕಾವೇರಿಗೆ 1932ರ ಹೊತ್ತಿಗೆ ಕನ್ನಂಬಾಡಿಯ ಕಟ್ಟೆ ಮುಗಿಯಿತು. ಕಪಿಲೆಗೆ ಬೀಚನಹಳ್ಳಿಯ ಹತ್ತಿರ 1974ರಲ್ಲಿ ಅಣೆಕಟ್ಟು ಪೂರ್ಣವಾಯಿತು. ಹೊಳೆಯ ಏರಿಳಿತ ಈಗ ಮುಗಿಲಿನ ಮಾತಿಗಿಂತ ತೂಬಿನ ಮಾತನ್ನು ಹೆಚ್ಚು ಕೇಳುತ್ತದೆ. ನಂಜನಗೂಡಿನ ಸುತ್ತ ಕಾರ್ಖಾನೆಗಳು ಬೆಳೆದುವು. ರೈಲುಹಳಿ ಅಗಲವಾದ ಮೇಲೆ ರೈಲು ಹೊಸ ಸೇತುವೆ ಹಿಡಿಯಿತು, ಹಳೆಯದು ಸ್ಮಾರಕವಾಯಿತು. ನರಸೀಪುರದ ಸಂಗಮದಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುತ್ತ, ಜನಸಾಗರ ಸೇರುತ್ತದೆ. ಅಣೆಕಟ್ಟಿಗೆ ಮೊದಲು ಮಾಗಿಯಲ್ಲಿ ನೀರು ಎಷ್ಟನೆಯ ಮೆಟ್ಟಿಲವರೆಗೆ ಇರುತ್ತಿತ್ತು? ಆಚೆಯ ದಡದಲ್ಲಿ ಯಾವ ಮರಗಳಿದ್ದುವು? ಹರಿಗೋಲು ಎಲ್ಲಿಂದ ಎಲ್ಲಿಗೆ ದಾಟುತ್ತಿತ್ತು? ಇವಕ್ಕೆ ಉತ್ತರ ಹೇಳಬಲ್ಲ ಚಿತ್ರಗಳು ನಮ್ಮ ಮನೆಗಳ ಗೋಡೆಗಳ ಮೇಲೆ, ಪೆಟ್ಟಿಗೆಗಳ ತಳದಲ್ಲಿ ಇವೆ. ಆದರೆ ‘ಸಾಯಂಕಾಲ’ ಸಾಕ್ಷಿ ನುಡಿಯಲಾರದು. ಯಾವ ಊರಿನ, ಯಾವ ವರ್ಷದ ಸಾಯಂಕಾಲವೆಂದು ಗೊತ್ತಾದ ಮರುಗಳಿಗೆಯೇ ಅದೇ ಚಿತ್ರ ಕಲೆಯೂ ಹೌದು, ಚರಿತ್ರೆಯೂ ಹೌದು.

ಧ್ವನಿತತ್ತ್ವವನ್ನು ಹೇಳಿದ ಆನಂದವರ್ಧನ ವಾಚ್ಯಾರ್ಥವನ್ನು ದೀಪದ ಕುಡಿಗೆ ಹೋಲಿಸಿದ್ದಾನೆ; ಬೆಳಕಿನ ಆಸೆಯುಳ್ಳವನು ಮೊದಲು ಆ ಕುಡಿಯನ್ನು ಜೋಪಾನ ಮಾಡುತ್ತಾನೆಂಬುದು ಅವನ ಅಭಿಪ್ರಾಯ. ವ್ಯಂಗ್ಯ ಎಷ್ಟೇ ಹಿರಿದಾದರೂ ವಾಚ್ಯವನ್ನು ಹಿಡಿದೇ ಹೊರಡಬೇಕು. ಭೂದೃಶ್ಯದ ಛಾಯಾಚಿತ್ರಕ್ಕೆ ವಾಚ್ಯವೆಂದರೆ ಆ ಊರು, ಆ ಹೊಳೆ, ಆ ಹೊತ್ತು, ಅಲ್ಲಿ ನಿಂತ ಆ ಮನುಷ್ಯರು. ಆರಂಭದ ಪಿಕ್ಟೋರಿಯಲ್ ಛಾಯಾಗ್ರಾಹಕರಲ್ಲಿ ಉತ್ತಮರಾದವರು ಬೆಳಕನ್ನು ಪ್ರೀತಿಸಿದರು, ಕುಡಿಯನ್ನೂ ಕಾಪಾಡಿದರು. ಅವರನ್ನು ಅನುಕರಿಸಿದವರಲ್ಲಿ ಹಲವರು ಬೆಳಕಿಗೆ ಮನಸೋತು ಕುಡಿಯನ್ನು ಮರೆತರು.

ಈ ಮರೆವಿಗೆ ಪರಿಹಾರ ಕಷ್ಟದ್ದಲ್ಲ. ಕೇಳುತ್ತಿರುವವರ ಮನೆಯಲ್ಲಿ ಕಪಿಲೆಯದೋ ಕಾವೇರಿಯದೋ ಹಳೆಯ ಚಿತ್ರವೊಂದಿದ್ದರೆ, ಗುರುತು ಹೇಳಬಲ್ಲ ಹಿರಿಯರು ಇನ್ನೂ ನಮ್ಮೊಡನೆ ಇದ್ದರೆ, ಬಿಡುವಾದ ಒಂದು ಮಧ್ಯಾಹ್ನ ಆ ಚಿತ್ರವನ್ನು ಚೌಕಟ್ಟಿನಿಂದ ಬಿಡಿಸಿ ಅವರ ಮುಂದಿಡಿ. ಯಾವ ಊರು, ಯಾವ ಘಟ್ಟ, ಯಾವ ವರ್ಷ, ನೀರಿಗಿಳಿದಿರುವವರು ಯಾರು ಎಂದು ಕೇಳಿ. ಅವರು ಹೇಳಿದ್ದನ್ನು ಚಿತ್ರದ ಬೆನ್ನ ಮೇಲೆ ಅಂಚಿನಲ್ಲಿ ಮೆದುವಾದ ಪೆನ್ಸಿಲಿನಿಂದ ಬರೆಯಿರಿ. ಶಾಯಿ ಬೇಡ, ಅದು ಕಾಗದವನ್ನು ತೂರಿ ಮುಂದಕ್ಕೆ ಬಂದೀತು. ಒತ್ತಿ ಬರೆಯಬೇಡಿ, ಚಿತ್ರದ ಮೈಮೇಲೆ ಗೀರು ಮೂಡೀತು. ಬರೆದಾದ ಮೇಲೆ ಮತ್ತೆ ಗೋಡೆಗೆ ತೂಗುಹಾಕಿ. ಮುಂದುಗಡೆಯ ಮಂಜು ಮಂಜಾಗಿಯೇ ಇರುತ್ತದೆ.

(ಬಾನುಲಿ ಭಾಷಣ)